ಬರೆಯುವ ಯಂತ್ರ, ತಿದ್ದುವ ಕಣ್ಣು

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಒಂದು ಹೋಬಳಿ ಕೇಂದ್ರ. ತರೀಕೆರೆಯ ಕಡೆಯಿಂದ ಕಲ್ಲತ್ತಿಗಿರಿಗೋ ಕೆಮ್ಮಣ್ಣುಗುಂಡಿಗೋ ಹೊರಟ ಪ್ರವಾಸಿಗರಿಗೆ ಅದು ದಾರಿಯಲ್ಲಿ ಸಿಗುವ ಊರು. ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲಿನ ಈ ಸೀಮೆಯಲ್ಲಿ ಅಡಿಕೆ, ತೆಂಗಿನ ತೋಟಗಳೇ ಬದುಕಿನ ಆಧಾರ. ಇಲ್ಲಿನ ರೈತನಿಗೆ ಸಾಫ್ಟ್‌ವೇರ್ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳೊಳಗೆ ನಡೆಯುವ ಯಾವುದೋ ವ್ಯವಹಾರ ಎನ್ನಿಸಬಹುದು. ಆದರೆ ಅವನ ತೋಟ ಅವನದೇ ಎಂದು ಹೇಳುವ ಪಹಣಿ ಕಳೆದ ಕಾಲು ಶತಮಾನದಿಂದ ಹೊರಬರುತ್ತಿರುವುದು ಒಂದು ಸಾಫ್ಟ್‌ವೇರಿನ ಹೊಟ್ಟೆಯಿಂದಲೇ. ಬ್ಯಾಂಕಿನ ಬೆಳೆ ಸಾಲ, ಅಣ್ಣತಮ್ಮಂದಿರ ಪಾಲು, ಕೋರ್ಟಿನ ವ್ಯಾಜ್ಯ ಎಲ್ಲವೂ ಆ ಒಂದು ಹಾಳೆಯ ಮೇಲೆ ನಿಂತಿವೆ.

ಈಗ ಆ ಸಾಫ್ಟ್‌ವೇರನ್ನು ಬರೆಯುವ ಕೆಲಸಕ್ಕೇ ಯಂತ್ರ ಬಂದಿದೆ. ಇಂಥ ಕೆಲಸಕ್ಕೆ ಒಂದು ಪ್ರೋಗ್ರಾಮ್ ಬೇಕು ಎಂದು ಆಡುಮಾತಿನಲ್ಲಿ ಹೇಳಿದರೆ ಸಾಕು, ಕೃತಕ ಬುದ್ಧಿಮತ್ತೆ ಕೆಲವೇ ಕ್ಷಣಗಳಲ್ಲಿ ನೂರಾರು ಸಾಲುಗಳನ್ನು ಬರೆದುಕೊಡುತ್ತದೆ. ಇನ್ನು ಮುಂದೆ ಪ್ರೋಗ್ರಾಮರುಗಳೇ ಬೇಕಾಗಿಲ್ಲ ಎನ್ನುವವರು ಒಂದು ಕಡೆ, ಇದೆಲ್ಲ ನಾಲ್ಕು ದಿನದ ಆರ್ಭಟ ಎನ್ನುವವರು ಇನ್ನೊಂದು ಕಡೆ. ಇತಿಹಾಸದ ಪುಟ ತಿರುವಿದರೆ ಈ ಎರಡು ಮಾತುಗಳೂ ಹೊಸವಲ್ಲವೆಂದು ತಿಳಿಯುತ್ತದೆ. ಪ್ರೋಗ್ರಾಮರನ ಕೆಲಸದ ಒಂದು ಪಾಲನ್ನು ಯಂತ್ರ ಕಿತ್ತುಕೊಂಡದ್ದು ಇದೇ ಮೊದಲಲ್ಲ. ಹಿಂದಿನ ಪ್ರತಿ ಸಲವೂ ಆದದ್ದು ಹೆಚ್ಚುಕಡಿಮೆ ಒಂದೇ ಬಗೆ. ಯಂತ್ರ ದಿನಬಳಕೆಯ ವಸ್ತುವಾಯಿತು. ಬರೆಯುವ ಶ್ರಮ ತಗ್ಗಿತು. ಆದರೆ ಏನು ಬೇಕೆಂದು ನಿಖರವಾಗಿ ಹೇಳುವ, ಬಂದದ್ದು ಸರಿಯಿದೆಯೇ ಎಂದು ನೋಡುವ ಹೊಣೆ ಮನುಷ್ಯನ ಮೇಲೆ ಮೊದಲಿಗಿಂತ ಭಾರವಾಗಿ ಬಿತ್ತು.

ಪುರೋಹಿತರ ಕೈಯಿಂದ ಪಾಮರರ ಕೈಗೆ

ಕಂಪ್ಯೂಟರಿಗೆ ಅರ್ಥವಾಗುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಭಾಷೆ. ಮೊದಮೊದಲು ಪ್ರೋಗ್ರಾಮರುಗಳು ಯಂತ್ರದ ಪ್ರತಿಯೊಂದು ಚಿಕ್ಕ ಹೆಜ್ಜೆಯನ್ನೂ ಸಂಕೇತಗಳಲ್ಲಿ ತಾವೇ ಬರೆಯಬೇಕಿತ್ತು. ಎರಡು ಸಂಖ್ಯೆಗಳನ್ನು ಕೂಡಿಸಲು ಮೊದಲನೆಯದು ಎಲ್ಲಿದೆ, ಎರಡನೆಯದು ಎಲ್ಲಿದೆ, ಉತ್ತರವನ್ನು ಎಲ್ಲಿ ಇಡಬೇಕು ಎಂದು ಬಿಡಿಬಿಡಿಯಾಗಿ ಹೇಳಬೇಕಿತ್ತು. ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕ ಹಾಳು.

ಈ ಗೋಳನ್ನು ತಪ್ಪಿಸಲು ಅಮೆರಿಕದ ಗ್ರೇಸ್ ಹಾಪರ್ 1952ರಲ್ಲಿ 'ಎ-0' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಆಗಾಗ ಬೇಕಾಗುವ ಸೂಚನೆಗಳ ತುಣುಕುಗಳನ್ನು ಟೇಪಿನ ಮೇಲೆ ಸಂಗ್ರಹಿಸಿಟ್ಟು, ಅವುಗಳನ್ನು ಹುಡುಕಿ ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಿದ ಏರ್ಪಾಡು ಅದು. ಕೆಲಸ ಮಾಡುವ ವ್ಯವಸ್ಥೆ ಕಣ್ಣೆದುರೇ ಇದ್ದರೂ ಕಂಪ್ಯೂಟರು ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಮ್ ಬರೆಯಲಾರದು ಎಂದು ಜನ ಅದನ್ನು ಮುಟ್ಟಲೂ ಹಿಂಜರಿದರೆಂದು ಹಾಪರ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಕಾಲದಲ್ಲಿ ಈ ವಿದ್ಯೆಗಿದ್ದ ಹೆಸರು 'ಸ್ವಯಂಚಾಲಿತ ಪ್ರೋಗ್ರಾಮಿಂಗ್'. ಇಂದು ಕೃತಕ ಬುದ್ಧಿಮತ್ತೆ ಎಂಬ ಪದ ಹುಟ್ಟಿಸುವ ಬೆರಗು ಮತ್ತು ಅನುಮಾನಗಳನ್ನೇ ಅಂದು ಆ ಹೆಸರು ಹುಟ್ಟಿಸುತ್ತಿತ್ತು.

1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 'ಫೋರ್ಟ್ರಾನ್' ಭಾಷೆಯನ್ನು ಹೊರತಂದರು. ಗಣಿತದ ಸೂತ್ರವನ್ನು ಕಾಗದದ ಮೇಲೆ ಬರೆಯುವಂತೆಯೇ ಬರೆದರೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ 'ಕಂಪೈಲರ್' ಅದರ ಜೊತೆಗಿತ್ತು. ಯಂತ್ರ ಬರೆದ ಸೂಚನೆಗಳು ನುರಿತ ಕೈ ಬರೆದಷ್ಟು ಚುರುಕಾಗಿರಲು ಸಾಧ್ಯವೇ ಇಲ್ಲ ಎಂಬುದು ಅಂದಿನ ಅನುಭವಿಗಳ ವಾದವಾಗಿತ್ತು. 1950ರ ದಶಕದ ಪ್ರೋಗ್ರಾಮರುಗಳು ತಮ್ಮನ್ನು ಗುಟ್ಟಿನ ವಿದ್ಯೆಯೊಂದನ್ನು ಕಾಯುವ ಪುರೋಹಿತ ವರ್ಗವೆಂದು ಭಾವಿಸಿದ್ದರು ಎಂದು ಬ್ಯಾಕಸ್ ಬರೆದದ್ದುಂಟು. ಕಂಪೈಲರಿನ ಉತ್ಪನ್ನ ಕೈಬರಹಕ್ಕೆ ಸರಿಸಾಟಿಯಾಗಿದೆ ಎಂಬುದು ರುಜುವಾತಾದಾಗ ಆ ಪೌರೋಹಿತ್ಯ ಸಡಿಲಿತು. ವಿಜ್ಞಾನಿಗಳು, ಎಂಜಿನಿಯರುಗಳು ತಮಗೆ ಬೇಕಾದ ಪ್ರೋಗ್ರಾಮನ್ನು ತಾವೇ ಬರೆಯತೊಡಗಿದರು. ಪ್ರೋಗ್ರಾಮರುಗಳ ಸಂಖ್ಯೆ ಕಡಿಮೆಯಾಗಲಿಲ್ಲ, ನೂರ್ಮಡಿಯಾಗಿ ಬೆಳೆಯಿತು.

ಭಾರತಕ್ಕೆ ಈ ವಿದ್ಯೆ ಬಂದ ದಾರಿಯಲ್ಲಿ ಪ್ರೊ. ವಿ. ರಾಜಾರಾಮನ್ ಅವರ ಹೆಸರು ದೊಡ್ಡದು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಕಂಪ್ಯೂಟರು ಬಂದಾಗ ಅಲ್ಲಿದ್ದ ಅವರು ವಿದ್ಯಾರ್ಥಿಗಳಿಗೂ ಹೊರಗಿನಿಂದ ಬಂದ ಅಧ್ಯಾಪಕರಿಗೂ ಫೋರ್ಟ್ರಾನ್ ಕಲಿಸಿದರು. 1969ರಲ್ಲಿ ಪ್ರಕಟವಾದ ಅವರ ಪ್ರೋಗ್ರಾಮಿಂಗ್ ಪಠ್ಯಪುಸ್ತಕ ದೇಶದ ಹಲವು ತಲೆಮಾರುಗಳಿಗೆ ಮೊದಲ ಗುರುವಾಯಿತು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2025ರ ನವೆಂಬರಿನಲ್ಲಿ ಇದೇ ನಗರದಲ್ಲಿ ತೀರಿಕೊಂಡರು. ಅವರ ಶಿಷ್ಯರ ಕಾಲಕ್ಕಾಗಲೇ ಯಾರೂ ಕಂಪೈಲರನ್ನು 'ಸ್ವಯಂಚಾಲಿತ' ಎಂದು ಕರೆಯುತ್ತಿರಲಿಲ್ಲ. ನೀರಿಗೆ ನಲ್ಲಿ ಇದ್ದಂತೆ ಪ್ರೋಗ್ರಾಮಿಗೆ ಕಂಪೈಲರ್. ಒಂದು ತಂತ್ರ ನಿಜಕ್ಕೂ ಬಳಕೆಗೆ ಬಂದದ್ದಕ್ಕೆ ಗುರುತೆಂದರೆ ಅದರ ಹೆಸರನ್ನು ಜನ ಮರೆಯುವುದೇ ಇರಬೇಕು.

ಕೊನೆಯದಾಗದ 'ಕೊನೆಯ' ಪ್ರೋಗ್ರಾಮ್

1981ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಫ್ಟ್‌ವೇರ್ ಮಾರುಕಟ್ಟೆಗೆ ಬಂತು. ಅದರ ಹೆಸರೇ 'ದಿ ಲಾಸ್ಟ್ ಒನ್', ಅಂದರೆ ಕೊನೆಯದು. ಬಳಸುವವರು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋದರೆ ಅದು ತಾನೇ ಪ್ರೋಗ್ರಾಮ್ ಬರೆದುಕೊಡುವುದಾದ್ದರಿಂದ ಇನ್ನು ಬೇರೆ ಪ್ರೋಗ್ರಾಮ್ ಕೊಳ್ಳುವ ಅಗತ್ಯವೇ ಇಲ್ಲ ಎಂಬುದು ಜಾಹೀರಾತಿನ ಧಾಟಿ. ಅದರ ಮರುವರ್ಷವೇ ಜಪಾನ್ ಸರ್ಕಾರ 'ಐದನೆಯ ಪೀಳಿಗೆ'ಯ ಕಂಪ್ಯೂಟರುಗಳ ಮಹಾಯೋಜನೆಯನ್ನು ಆರಂಭಿಸಿತು. ಮನುಷ್ಯನಂತೆ ತರ್ಕಿಸಬಲ್ಲ ಯಂತ್ರಗಳು ಹತ್ತು ವರ್ಷಗಳಲ್ಲಿ ಬರುತ್ತವೆ ಎಂಬ ನಿರೀಕ್ಷೆ ಜಗತ್ತಿನಾದ್ಯಂತ ಹಬ್ಬಿತು. ಭಾರತ ಸರ್ಕಾರವೂ 1980ರ ದಶಕದ ಉತ್ತರಾರ್ಧದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಸಂಶೋಧನೆಗೆ ಕೈಹಾಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದಾಗಿತ್ತು.

'ಕೊನೆಯ' ಪ್ರೋಗ್ರಾಮ್ ಮಾರಾಟಕ್ಕೆ ಬಂದ ಅದೇ 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಇನ್ಫೊಸಿಸ್ ಎಂಬ ಸಣ್ಣ ಕಂಪನಿಯನ್ನು ಹುಟ್ಟುಹಾಕಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದೇ ನಗರದಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ಅಮೆರಿಕದೊಂದಿಗೆ ಸಂಪರ್ಕ ಸಾಧಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಬಂದವು. 1997ರಲ್ಲಿ ಕರ್ನಾಟಕವು ತನ್ನದೇ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಪ್ರೋಗ್ರಾಮರುಗಳ ಯುಗ ಮುಗಿಯಿತೆಂದು ಸಾರಿದ ದಶಕದಲ್ಲೇ ಕನ್ನಡನಾಡಿನ ಪ್ರೋಗ್ರಾಮರುಗಳ ಯುಗ ಆರಂಭವಾದದ್ದು ಚರಿತ್ರೆಯ ಒಂದು ವಿನೋದ.

ಏಕೆ ಹೀಗಾಯಿತು? ಪ್ರೋಗ್ರಾಮ್ ಬರೆಯುವುದು ಅಗ್ಗವಾದಂತೆಲ್ಲ, ಹಿಂದೆ ಯಾರೂ ಕಂಪ್ಯೂಟರಿಗೆ ವಹಿಸಲು ಯೋಚಿಸದ ಕೆಲಸಗಳು ಒಂದೊಂದಾಗಿ ಅದರ ಪಾಲಿಗೆ ಬಂದವು. ರೈಲ್ವೆ ಟಿಕೆಟ್ಟು, ಬ್ಯಾಂಕಿನ ಪಾಸ್‌ಬುಕ್ಕು, ವಿದ್ಯುತ್ ಬಿಲ್ಲು ಎಲ್ಲಕ್ಕೂ ಪ್ರೋಗ್ರಾಮ್ ಬೇಕಾಯಿತು. ಬರೆದದ್ದನ್ನು ಕಾಪಾಡುವ ಕೆಲಸವೂ ಬೆಳೆಯಿತು. 2000ನೇ ಇಸವಿ ಸಮೀಪಿಸಿದಾಗ ಜಗತ್ತನ್ನು ಕಾಡಿದ ವೈ2ಕೆ ಸಮಸ್ಯೆಯೇ ಅದಕ್ಕೆ ಸಾಕ್ಷಿ. ಹಳೆಯ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸಲು ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಬರೆದಿದ್ದರು. 00 ಎಂದರೆ 1900ನೆಯದೋ 2000ನೆಯದೋ ಯಂತ್ರಕ್ಕೆ ತಿಳಿಯದು. ಆ ಕೋಟ್ಯಂತರ ಸಾಲುಗಳನ್ನು ಓದಿ ತಿದ್ದುವ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೆ ಅಂದು ಬಲ ತಂದದ್ದು ಹೊಸದನ್ನು ಬರೆದದ್ದಕ್ಕಿಂತ ಹೆಚ್ಚಾಗಿ ಬೇರೆಯವರು ಬರೆದದ್ದನ್ನು ತಾಳ್ಮೆಯಿಂದ ಓದಿದ್ದು ಎಂಬುದನ್ನು ಮರೆಯಬಾರದು.

ಗುಂಟೆಯ ಲೆಕ್ಕ

ಸಾಫ್ಟ್‌ವೇರಿನಲ್ಲಿ ನಿಜವಾಗಿ ಕಷ್ಟವಾದದ್ದು ಯಾವುದು ಎಂದು ತಿಳಿಯಲು ಲಿಂಗದಹಳ್ಳಿಯ ಪಹಣಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಿಂದೆ ಊರಿನ ಭೂಮಿಯ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ, ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಾಧಿಕಾರಿಗಳು ಬಂದರು. ಆದರೂ ದಾಖಲೆ ಕೈಬರಹದ್ದೇ ಆಗಿತ್ತು. ಪಹಣಿ ಬೇಕಾದ ರೈತ ಲೆಕ್ಕಾಧಿಕಾರಿಯನ್ನು ಹುಡುಕಿಕೊಂಡು ಅಲೆಯಬೇಕಿತ್ತು.

ಇದನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನ ರಾಜ್ಯದಲ್ಲಿ ಮೊದಲು ಆರಂಭವಾದದ್ದು 1991ರಲ್ಲಿ, ಗುಲ್ಬರ್ಗ ಜಿಲ್ಲೆಯಲ್ಲಿ. ಅದು ಬಹಳ ಮುಂದುವರಿಯಲಿಲ್ಲ. 1999ರಲ್ಲಿ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗವಾಗಿ ಶುರುವಾದ 'ಭೂಮಿ' ಯೋಜನೆ ಮುಂದಿನ ಎರಡು ಮೂರು ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು.

ಈ ಪ್ರೋಗ್ರಾಮಿನ ಒಳಗೆ ಅಡಗಿರುವ ಒಂದು ಸಣ್ಣ ಲೆಕ್ಕವನ್ನು ನೋಡಿ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಬರೆಯುತ್ತಾರೆ. 1 ಎಕರೆ 30 ಗುಂಟೆ ಎಂಬುದು ಹಾಳೆಯ ಮೇಲೆ 1.30 ಎಂದು ಕಾಣಿಸುತ್ತದೆ. ಅದಕ್ಕೆ ಇನ್ನೂ 20 ಗುಂಟೆ, ಅಂದರೆ 0.20 ಕೂಡಿಸಬೇಕೆನ್ನಿ. ಶಾಲೆಯಲ್ಲಿ ಕಲಿತ ದಶಮಾಂಶದ ಲೆಕ್ಕದಂತೆ ಉತ್ತರ 1.50. ಆದರೆ ಎಕರೆಗೆ 40 ಗುಂಟೆ. ಆದ್ದರಿಂದ ನಿಜವಾದ ಉತ್ತರ 2 ಎಕರೆ 10 ಗುಂಟೆ. ಗುಂಟೆಯ ಕೆಳಗೆ ಆಣೆ ಬಂದರೆ ಗುಂಟೆಗೆ 16 ಆಣೆ. ಅಲ್ಲಿ ಲೆಕ್ಕದ ಬುಡ ಮತ್ತೆ ಬದಲಾಗುತ್ತದೆ. ಲಿಂಗದಹಳ್ಳಿಯ ಯಾವ ರೈತನಿಗೂ 1.50 ಎಂಬ ವಿಸ್ತೀರ್ಣ ಇರಲಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲೋ ಕುಳಿತ ಜಾಣ ಪ್ರೋಗ್ರಾಮರನಿಗೆ ಅದನ್ನು ಹೇಳಿಕೊಡಬೇಕು.

ಇನ್ನೊಂದು ತೊಡಕು ಊರ ಹೆಸರಿನದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ತರೀಕೆರೆಗೆ ಸೇರಿದ್ದ ಅಜ್ಜಂಪುರ 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಪ್ರತ್ಯೇಕ ತಾಲ್ಲೂಕಾಯಿತು. ಹೀಗಾಗಿ ಅಲ್ಲಿನ ಒಂದೇ ಹೊಲ ತಾತನ ಪತ್ರದಲ್ಲಿ ಕಡೂರು ಜಿಲ್ಲೆ, ತರೀಕೆರೆ ತಾಲ್ಲೂಕು ಎಂದೂ ಮೊಮ್ಮಗನ ಪಹಣಿಯಲ್ಲಿ ಚಿಕ್ಕಮಗಳೂರು ಜಿಲ್ಲೆ, ಅಜ್ಜಂಪುರ ತಾಲ್ಲೂಕು ಎಂದೂ ಇರಬಹುದು. ಎರಡೂ ಒಂದೇ ಎಂದು ಊರಿಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿದರೆ ಮಾತ್ರ ಗೊತ್ತು. ಸಾಫ್ಟ್‌ವೇರಿನ ನಿಜವಾದ ಶ್ರಮ ಇರುವುದು ಇಂಥ ತಿಳಿವಳಿಕೆಯನ್ನು ಒಂದೂ ಬಿಡದೆ ಹೊರತೆಗೆದು ಸ್ಪಷ್ಟವಾಗಿ ಹೇಳುವುದರಲ್ಲಿ. ಸಾಲುಗಳನ್ನು ಬರೆಯುವುದು ಅದರ ನಂತರದ ಕೆಲಸ.

ಗಾದೆ ಮುಗಿಸುವ ಯಂತ್ರ

ಹಾಗಾದರೆ ಇಂದಿನ ಕೃತಕ ಬುದ್ಧಿಮತ್ತೆ ಮಾಡುವುದೇನು? 'ಕೈ ಕೆಸರಾದರೆ' ಎಂದು ಯಾರಾದರೂ ಅರ್ಧಕ್ಕೆ ನಿಲ್ಲಿಸಿದರೆ ಕನ್ನಡ ಬಲ್ಲವರೆಲ್ಲ 'ಬಾಯಿ ಮೊಸರು' ಎಂದು ಮುಗಿಸುತ್ತಾರೆ. ಅದೇ ಮಾತನ್ನು ಅನೇಕ ಸಲ ಕೇಳಿರುವುದರಿಂದ ಮುಂದಿನ ಪದ ತಾನಾಗಿ ನಾಲಗೆಗೆ ಬರುತ್ತದೆ. ದೊಡ್ಡ ಭಾಷಾ ಮಾದರಿಗಳೆಂದು ಕರೆಯಲಾಗುವ ಇಂದಿನ ವ್ಯವಸ್ಥೆಗಳು ಇದೇ ಕೆಲಸವನ್ನು ಊಹಿಸಲಾಗದಷ್ಟು ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಅಪಾರ ಪ್ರಮಾಣದ ಬರಹವನ್ನೂ ಜಗತ್ತಿನ ಪ್ರೋಗ್ರಾಮರುಗಳು ಬಹಿರಂಗವಾಗಿ ಇಟ್ಟ ಪ್ರೋಗ್ರಾಮುಗಳನ್ನೂ ಓದಿ, ಯಾವುದರ ಮುಂದೆ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಅವು ಕಲಿತಿವೆ. ಇದಕ್ಕೆ ತಳಹದಿಯಾದ 'ಟ್ರಾನ್ಸ್‌ಫಾರ್ಮರ್' ಎಂಬ ವಿನ್ಯಾಸವನ್ನು ಗೂಗಲ್ ಸಂಶೋಧಕರು ಪ್ರಕಟಿಸಿದ್ದು 2017ರಲ್ಲಿ. 2021ರಲ್ಲಿ ಗಿಟ್‌ಹಬ್ ಸಂಸ್ಥೆ 'ಕೋಪೈಲಟ್' ಎಂಬ ಸಹಾಯಕನನ್ನು ಪರೀಕ್ಷೆಗೆ ಬಿಟ್ಟಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ವಿಷಯ ಮನೆಮಾತಾಯಿತು.

ಆ ಮುಂಚೆಯೂ ಪ್ರೋಗ್ರಾಮರುಗಳಿಗೆ ಇಂಥ ಸಹಾಯ ಪೂರ್ತಿ ಹೊಸದಾಗಿರಲಿಲ್ಲ. ಅರ್ಧ ಹೆಸರು ಬರೆದರೆ ಉಳಿದರ್ಧವನ್ನು ತೋರಿಸುವ ಸೌಲಭ್ಯ 1990ರ ದಶಕದಲ್ಲೇ ಬಳಕೆಗೆ ಬಂದಿತ್ತು. ಅದು ಪದವನ್ನು ಮುಗಿಸುತ್ತಿತ್ತು. ಇದು ಪುಟವನ್ನೇ ಮುಗಿಸುತ್ತದೆ. ತನ್ನಲ್ಲಿ ಹೊಸದಾಗಿ ಬರೆಯಲಾಗುತ್ತಿರುವ ಪ್ರೋಗ್ರಾಮುಗಳ ಕಾಲು ಭಾಗಕ್ಕಿಂತ ಹೆಚ್ಚನ್ನು ಕೃತಕ ಬುದ್ಧಿಮತ್ತೆ ಬರೆಯುತ್ತಿದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದು 2024ರ ಅಕ್ಟೋಬರಿನಲ್ಲಿ ಗೂಗಲ್ ಹೇಳಿತು. 2025ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಪ್ರೋಗ್ರಾಮರುಗಳ ಪೈಕಿ ಶೇಕಡ 84ರಷ್ಟು ಮಂದಿ ಈ ಸಾಧನಗಳನ್ನು ಬಳಸುತ್ತಿರುವುದಾಗಿ ಇಲ್ಲವೇ ಬಳಸಲಿರುವುದಾಗಿ ತಿಳಿಸಿದರು. ಅದೇ ಸಮೀಕ್ಷೆಯಲ್ಲಿ ಶೇಕಡ 46 ಮಂದಿ ಅವುಗಳ ಉತ್ತರ ಸರಿಯಿರುತ್ತದೆಂಬ ನಂಬಿಕೆ ತಮಗಿಲ್ಲ ಎಂದರು. ಬಳಸುವವರು ಹೆಚ್ಚು, ನಂಬುವವರು ಕಡಿಮೆ. ಒಂದು ಸಾಧನ ಸಾಮಾನ್ಯವಾಗತೊಡಗಿದ ಲಕ್ಷಣ ಇದು. ಆಳನ್ನು ಇಟ್ಟುಕೊಂಡವನು ಅವನ ಕೆಲಸದ ಮೇಲೆ ಕಣ್ಣೂ ಇಡುತ್ತಾನಲ್ಲವೇ?

ಇದರಿಂದ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದೂ ನಾವಂದುಕೊಂಡಷ್ಟು ಸರಳವಲ್ಲ. ಅಮೆರಿಕದ 'ಮೀಟರ್' ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿತು. ತಮ್ಮ ಪ್ರೋಗ್ರಾಮುಗಳನ್ನು ವರ್ಷಗಟ್ಟಲೆಯಿಂದ ಬಲ್ಲ 16 ಅನುಭವಿಗಳಿಗೆ 246 ಕೆಲಸಗಳನ್ನು ಹಂಚಿ, ಕೆಲವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದಲೂ ಕೆಲವನ್ನು ನೆರವಿಲ್ಲದೆಯೂ ಮಾಡಿಸಿದರು. ನೆರವಿದ್ದಾಗ ಕೆಲಸಕ್ಕೆ ಶೇಕಡ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ತಾವು ಶೇಕಡ 20ರಷ್ಟು ಬೇಗ ಮುಗಿಸಿದ್ದೇವೆಂದೇ ಅವರು ತಿಳಿದಿದ್ದರು! ಇದು 2025ರ ಆರಂಭದ ಸಾಧನಗಳ ಮಾತು, ಸಾಧನಗಳು ಸುಧಾರಿಸುತ್ತವೆ. ಆದರೆ ಬರೆಯಲು ಉಳಿದ ಸಮಯ ಓದಿ ತಿದ್ದುವುದಕ್ಕೆ ಹೋಗುತ್ತದೆ ಎಂಬ ಹಳೆಯ ಪಾಠವನ್ನು ಅದು ಇನ್ನೊಮ್ಮೆ ಹೇಳಿತು.

ಅನುವಾದಕನೂ ಊಹೆಗಾರನೂ

ಕಂಪೈಲರ್ ಬಂದಂತೆ ಕೃತಕ ಬುದ್ಧಿಮತ್ತೆಯೂ ಬಂದು ಬೆರೆತುಹೋಗುತ್ತದೆ ಎಂದು ಇಷ್ಟರಿಂದಲೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಎರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಂಪೈಲರ್ ಒಬ್ಬ ನಿಷ್ಠಾವಂತ ಅನುವಾದಕ. ಒಂದೇ ವಾಕ್ಯವನ್ನು ಸಾವಿರ ಸಲ ಕೊಟ್ಟರೂ ಅದೇ ಅನುವಾದ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ನಿಂತುಬಿಡುತ್ತದೆ. ಕೃತಕ ಬುದ್ಧಿಮತ್ತೆ ಊಹೆಗಾರ. ಒಂದೇ ಪ್ರಶ್ನೆಗೆ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ ಉತ್ತರಿಸಬಹುದು. ಹೇಳದೆ ಬಿಟ್ಟದ್ದನ್ನು ಅದು ಕೇಳಿ ತಿಳಿದುಕೊಳ್ಳದೆ ತನಗೆ ತೋಚಿದಂತೆ ತುಂಬಿಬಿಡಬಹುದು. ಗುಂಟೆಯ ಲೆಕ್ಕ ಹೇಳಿದರೆ ಚೆನ್ನಾಗಿಯೇ ಮಾಡೀತು. ಹೇಳದಿದ್ದರೆ 1.50 ಎಂದು ಬರೆದು, ಸರಿಯಾದ ಉತ್ತರದಷ್ಟೇ ನೀಟಾಗಿ ಅಚ್ಚುಮಾಡಿ ಕೊಟ್ಟರೂ ಕೊಟ್ಟೀತು. ಕೈಬರಹದಲ್ಲಿ ತಪ್ಪಿಗೆ ಕಾಟು, ಚಿತ್ತು ಎಂಬ ಗುರುತಾದರೂ ಇರುತ್ತಿತ್ತು. ಈ ಯಂತ್ರದ ತಪ್ಪಿಗೆ ಅಂಥ ಗುರುತಿಲ್ಲ.

ಆದ್ದರಿಂದ ಕಂಪೈಲರನ್ನು ನಂಬಿ ಕಣ್ಣುಮುಚ್ಚಿದಂತೆ ಇಲ್ಲಿ ಕಣ್ಣುಮುಚ್ಚಲಾಗದು. ತಪ್ಪನ್ನು ಹಿಡಿಯಬಲ್ಲ ಕಣ್ಣು ಬೇಕು. ಆ ಕಣ್ಣು ತಯಾರಾಗುವುದು ಹೇಗೆ ಎಂಬಲ್ಲಿ ನಿಜವಾದ ಚಿಂತೆ ಹುಟ್ಟುತ್ತದೆ. ಯಾವ ವಿದ್ಯೆಯಲ್ಲೂ ತಿದ್ದುವವನು ಮೊದಲು ತಿದ್ದಿಸಿಕೊಂಡವನು. ಸೊನ್ನೆಯಿಂದ ಶುರುಮಾಡಿ, ಸಣ್ಣಪುಟ್ಟ ಪ್ರೋಗ್ರಾಮ್ ಬರೆದು, ಅದು ಕೆಟ್ಟಾಗ ರಾತ್ರಿಯೆಲ್ಲ ಕುಳಿತು ಕಾರಣ ಹುಡುಕಿ, ಹಿರಿಯರಿಂದ ಬೈಸಿಕೊಂಡು ಕಲಿತವನಿಗೆ ಮಾತ್ರ ಬೇರೆಯವರ ಬರಹದಲ್ಲಿ ಎಲ್ಲಿ ಎಡವಟ್ಟಾಗಿದೆ ಎಂಬ ವಾಸನೆ ಹತ್ತುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಮಕ್ಕಳು ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದಾಗ ಅವರಿಗೆ ಸಿಗುತ್ತಿದ್ದುದು ಇಂಥ ಸಣ್ಣ ಕೆಲಸಗಳೇ. ಇನ್ಫೊಸಿಸ್‌ನಂಥ ಕಂಪನಿಗಳು ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರವನ್ನೇ ಕಟ್ಟಿ, ಕಂಪ್ಯೂಟರ್ ವಿಷಯವನ್ನೇ ಓದಿರದ ಹೊಸಬರನ್ನೂ ತಿಂಗಳುಗಟ್ಟಲೆ ಕಲಿಸಿ ತಯಾರು ಮಾಡಿದವು. ಆ ಏಣಿಯ ಮೊದಲ ಮೆಟ್ಟಿಲು ಸಣ್ಣ ಕೆಲಸ. ಯಂತ್ರ ಎಲ್ಲಕ್ಕಿಂತ ಮೊದಲು ಮತ್ತು ಎಲ್ಲಕ್ಕಿಂತ ಚೆನ್ನಾಗಿ ಮಾಡುವುದೂ ಅದೇ ಸಣ್ಣ ಕೆಲಸವನ್ನು.

ಇದು ಬರಿಯ ಊಹೆಯಲ್ಲ. ಅಮೆರಿಕದ ವೇತನ ದಾಖಲೆಗಳನ್ನು ಪರಿಶೀಲಿಸಿದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಕೆಲಸಗಾರರ ಸಂಖ್ಯೆ 2022ರ ಕೊನೆಯ ಮಟ್ಟಕ್ಕಿಂತ 2025ರ ನಡುವಿನ ಹೊತ್ತಿಗೆ ಶೇಕಡ 20ರಷ್ಟು ಇಳಿದಿತ್ತೆಂದು 2025ರ ಆಗಸ್ಟಿನಲ್ಲಿ ವರದಿ ಮಾಡಿದರು. ಹಿರಿಯ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇದಕ್ಕೆ ಕೃತಕ ಬುದ್ಧಿಮತ್ತೆಯೊಂದೇ ಕಾರಣವೇ ಎಂಬ ಚರ್ಚೆ ಇದೆ. ಭಾರತದಲ್ಲಿ 2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲ, ಕೌಶಲಗಳ ಹೊಂದಾಣಿಕೆಯ ಕೊರತೆ ಕಾರಣ ಎಂದು ಅದರ ಮುಖ್ಯಸ್ಥರು ವಿವರಿಸಿದರು. ಕಾರಣಗಳ ಚರ್ಚೆ ಏನೇ ಇರಲಿ, ಇಂದು ಕಿರಿಯರನ್ನು ಸೇರಿಸಿಕೊಳ್ಳದ ಉದ್ಯಮಕ್ಕೆ ಹತ್ತು ವರ್ಷಗಳ ನಂತರ ಹಿರಿಯರು ಎಲ್ಲಿಂದ ಬಂದಾರು ಎಂಬ ಪ್ರಶ್ನೆ ಉಳಿಯುತ್ತದೆ. ಸಸಿ ನೆಡದೆ ಅಡಿಕೆ ಕೊಯ್ಯಲಾಗದು ಎಂಬುದು ಮಲೆನಾಡಿನ ತಪ್ಪಲಿಗೆ ಗೊತ್ತಿರುವ ಸತ್ಯ.

ಹೆಬ್ಬೆಟ್ಟಿನ ಹೊಣೆ

ಹಾಗಾದರೆ ದಾರಿ ಯಾವುದು? 'ಭೂಮಿ' ಯೋಜನೆ ಇಲ್ಲಿ ಒಂದು ಪಾಠ ಹೇಳುತ್ತದೆ. ಕೈಬರಹದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಏರಿಸಿದ್ದನ್ನು ಅಚ್ಚುಮಾಡಿ ಕಂದಾಯ ಸಿಬ್ಬಂದಿಗೆ ಮರಳಿಸಿ, ಮೂಲದೊಂದಿಗೆ ತಾಳೆ ನೋಡಿಸಿ, ತಿದ್ದಿಸಿದರು. ದಾಖಲೆಯಲ್ಲಿ ಬದಲಾವಣೆ ಮಾಡುವ ನೌಕರ ತನ್ನ ಬೆರಳಚ್ಚು ಒತ್ತಿಯೇ ಕಂಪ್ಯೂಟರಿನ ಒಳಹೋಗಬೇಕೆಂಬ ನಿಯಮ ಬಂತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ಹೀಗೆ ದಾಖಲಾಯಿತು. ಖಾತೆ ಬದಲಾವಣೆಯ ಅರ್ಜಿ ಬಂದರೆ ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕಿತ್ತು, ಆಕ್ಷೇಪಣೆಗೆ ಆಗ 30 ದಿನ ಕಾಯಬೇಕಿತ್ತು. ಯಂತ್ರಕ್ಕೆ ಆ 30 ದಿನ ಬೇಕಾಗಿರಲಿಲ್ಲ; ಅದು ಕ್ಷಣದಲ್ಲಿ ಹೆಸರು ಬದಲಿಸಬಲ್ಲದು. ಆ ಅವಧಿ ಇದ್ದದ್ದು ಮನುಷ್ಯರು ನೋಡಿ, ಅಲ್ಲ ಎನ್ನಲು ಅವಕಾಶ ಇರಲೆಂದು.

ಇದರಿಂದ ಎಲ್ಲವೂ ಸರಿಹೋಯಿತು ಎಂದಲ್ಲ. ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕು ಕೇಂದ್ರಕ್ಕೆ ಸರಿದದ್ದರಿಂದ ಸಣ್ಣ ರೈತನಿಗಿಂತ ದೊಡ್ಡ ಖರೀದಿದಾರರಿಗೆ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ವಿಮರ್ಶಿಸಿದರು. ಮೂಲ ಕಡತದಲ್ಲೇ ಇದ್ದ ತಪ್ಪುಗಳು ಕಂಪ್ಯೂಟರಿಗೆ ಏರಿದಾಗ ಇನ್ನಷ್ಟು ಗಟ್ಟಿಯಾದ ಉದಾಹರಣೆಗಳೂ ಉಂಟು. ತಿದ್ದುಪಡಿಗಾಗಿ ಕಚೇರಿಗೆ ಅಲೆಯುವ ರೈತರನ್ನು ಯಾವ ತಾಲ್ಲೂಕಿನಲ್ಲಾದರೂ ಕಾಣಬಹುದು. ಆದರೂ ತಪ್ಪಾದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿದೆ. ಬೆರಳಚ್ಚು ಒಬ್ಬ ಮನುಷ್ಯನದು.

ಕೃತಕ ಬುದ್ಧಿಮತ್ತೆ ಬರೆಯುವ ಸಾಫ್ಟ್‌ವೇರಿಗೂ ಬೇಕಾಗಿರುವುದು ಇದೇ. ಬರೆದದ್ದು ಯಂತ್ರವೇ ಆದರೂ ಓದಿ ಒಪ್ಪಿದವರು ಯಾರು ಎಂಬುದು ದಾಖಲಾಗಬೇಕು. ಒಪ್ಪುವವರಿಗೆ ಓದಲು ಸಮಯ ಕೊಡಬೇಕು. ಹತ್ತು ಜನ ಮಾಡುತ್ತಿದ್ದುದನ್ನು ಇಬ್ಬರ ತಲೆಗೆ ಕಟ್ಟಿ ಯಂತ್ರವಿದೆಯಲ್ಲ ಎಂದರೆ ಆ ಒಪ್ಪಿಗೆ ಬರಿಯ ಹೆಬ್ಬೆಟ್ಟಾಗುತ್ತದೆ. ಕಾಲೇಜುಗಳು ಮಕ್ಕಳಿಗೆ ಬರೆಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಓದುವುದನ್ನು, ಅನುಮಾನಿಸುವುದನ್ನು, ಪರೀಕ್ಷಿಸುವುದನ್ನು ಕಲಿಸಬೇಕಾಗುತ್ತದೆ. ಕ್ಯಾಲ್ಕುಲೇಟರು ಬಂದ ಮೇಲೂ ಮಗ್ಗಿ ಬಾಯಿಪಾಠ ಬಿಡದಂತೆ, ಯಂತ್ರದ ನೆರವಿಲ್ಲದೆ ಕೆಲವು ಕಾಲವಾದರೂ ಕೈಯಾರೆ ಬರೆಯಿಸಬೇಕಾಗುತ್ತದೆ. ಕಂಪನಿಗಳು ಕಿರಿಯರ ಕಲಿಕೆಯನ್ನು ದಂಡದ ಖರ್ಚೆಂದು ಬಗೆಯದೆ ನಾಳಿನ ಬಂಡವಾಳವೆಂದು ತಿಳಿಯಬೇಕಾಗುತ್ತದೆ.

ಇಲ್ಲಿ ಸಣ್ಣ ಊರುಗಳಿಗೆ ಒಂದು ಅನುಕೂಲವೂ ಕಾಣುತ್ತದೆ. ಇಂಗ್ಲಿಷ್ ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಕಲಿಯುವುದೇ ಹಿಂದೆ ದೊಡ್ಡ ಗೋಡೆಯಾಗಿತ್ತು. ಆ ಗೋಡೆ ಈಗ ತಗ್ಗುತ್ತಿದೆ. ಕನ್ನಡದಲ್ಲೇ ವಿವರಿಸಿ ಸಣ್ಣಪುಟ್ಟ ಪ್ರೋಗ್ರಾಮ್ ಮಾಡಿಸಿಕೊಳ್ಳುವುದು ಅಸಾಧ್ಯವೇನಲ್ಲ. ಸಹಕಾರ ಸಂಘದ ಅಡಿಕೆ ಲೆಕ್ಕಕ್ಕೋ ಹಾಲಿನ ಡೇರಿಯ ಬಟವಾಡೆಗೋ ಏನು ಬೇಕೆಂದು ಬೆಂಗಳೂರಿನ ಎಂಜಿನಿಯರಿಗಿಂತ ಆ ಸಂಘದ ಗುಮಾಸ್ತನಿಗೇ ಚೆನ್ನಾಗಿ ಗೊತ್ತು. ಎಕರೆಗೆ 40 ಗುಂಟೆ ಎಂದು ಬಲ್ಲವನ ತಿಳಿವಳಿಕೆಗೆ ಇದುವರೆಗೆ ಸಾಫ್ಟ್‌ವೇರ್ ಲೋಕದಲ್ಲಿ ಬೆಲೆ ಇರಲಿಲ್ಲ. ಬರೆಯುವುದು ಅಗ್ಗವಾದಾಗ ಆ ತಿಳಿವಳಿಕೆಗೆ ಬೆಲೆ ಬರುತ್ತದೆ.

ಫೋರ್ಟ್ರಾನ್ ಬಂದು ಎಪ್ಪತ್ತು ವರ್ಷಗಳಾಗುತ್ತಾ ಬಂತು. ಕಂಪೈಲರ್ ಬಳಸುತ್ತೀರಾ ಎಂದು ಇಂದು ಯಾವ ಪ್ರೋಗ್ರಾಮರನನ್ನು ಕೇಳಿದರೂ ಆತ ನಕ್ಕಾನು. ಕೃತಕ ಬುದ್ಧಿಮತ್ತೆಯ ವಿಷಯದಲ್ಲೂ ಆ ನಗೆಯ ದಿನ ಬಂದೇ ಬರುತ್ತದೆ. ಪ್ರಾಯಶಃ ಅಷ್ಟು ಕಾಲವೂ ಬೇಕಾಗದು. ಅದರ ಹೆಸರನ್ನು ಮರೆತರೆ ಅಡ್ಡಿಯಿಲ್ಲ. ಅದು ಊಹಿಸುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಆ ದಿನ ಯಂತ್ರ ಬರೆದದ್ದರಲ್ಲಿ 1.50 ಎಂಬ ಅಂಕಿ ಕಂಡಾಗ, ತಾಳಿ, ಇದು ಆಗದ ಮಾತು ಎನ್ನುವ ಒಬ್ಬ ಮನುಷ್ಯ ಅದರ ಮುಂದೆ ಕುಳಿತಿರಬೇಕು. ಅವನನ್ನು ತಯಾರು ಮಾಡುವ ಕೆಲಸವನ್ನು ಯಾವ ಯಂತ್ರಕ್ಕೂ ಒಪ್ಪಿಸಲಾಗುವುದಿಲ್ಲ.